ಡ್ಯೂಕ್ ವೆಲ್ಲಿಂಗ್ಟನ್ನನೂ ನಮ್ಮ ಕಾವಲಿನ ಎತ್ತುಗಳೂ

ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ವೆಲ್ಲಿಂಗ್ಟನ್ನನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ಕಾವಲುಗಳಲ್ಲಿ ಮೇಯುತ್ತ ಬಂದಿರುವ ನೀಳಕೊಂಬಿನ ದನಗಳಿಗೂ ಅವನ ಕೀರ್ತಿಗೂ ನಂಟುಂಟೆಂಬುದನ್ನು ಬಲ್ಲವರು ವಿರಳ. ಇಂದು ಅನುಕೂಲವುಳ್ಳವರು ಜೀಪಿನ ಮೇಲೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಅಳವಡಿಸಿಕೊಂಡು ದಾರಿಯಿಲ್ಲದ ಕಾಡುಮೇಡುಗಳಲ್ಲೂ ಮನೆಯೊಡನೆ ಸಂಚರಿಸುತ್ತಾರೆ. ಎಂಥ ಗಾಡಿ, ಎಂಥ ಗಾಲಿ, ಎಷ್ಟು ಭಾರ ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಇದೇ ಚಿಂತೆಯನ್ನು ಇನ್ನೂರು ವರ್ಷಗಳ ಹಿಂದೆ ಸಾವಿರಾರು ಜನರ ಪ್ರಾಣ ಪಣಕ್ಕಿದ್ದಾಗ ಮಾಡಿದವನು ಈ ವೆಲ್ಲಿಂಗ್ಟನ್.

ಆರ್ಥರ್ ವೆಲ್ಲೆಸ್ಲಿ 1769ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದನು. ಬಾಲ್ಯದಲ್ಲಿ ಪಿಟೀಲು ನುಡಿಸುವುದನ್ನು ಬಿಟ್ಟರೆ ಯಾವುದರಲ್ಲಿಯೂ ಮುಂದಾಳೆನಿಸಲಿಲ್ಲ. 1797ರಲ್ಲಿ ದಂಡಿನೊಡನೆ ಕಲ್ಕತ್ತೆಗೆ ಬಂದನು. ಮರುವರ್ಷ ಅವನ ಅಣ್ಣನೇ ಗವರ್ನರ್ ಜನರಲ್ ಆಗಿ ಬಂದುದರಿಂದ ತಮ್ಮನಿಗೆ ದಾರಿ ಸುಗಮವಾಯಿತು. ಅಣ್ಣನ ಬಲವಿಲ್ಲದಿದ್ದರೆ ಅವನು ಇಷ್ಟು ಬೇಗ ಮೇಲೇರುತ್ತಿರಲಿಲ್ಲವೆಂಬುದನ್ನು ಮರೆಯಬಾರದು.

ಅವನು ಮೈಸೂರಿಗೆ ಬರುವ ಮೊದಲೇ ಎತ್ತುಗಳ ವಿಷಯದಲ್ಲಿ ಕಂಪನಿಯ ದಂಡು ಕಹಿ ಪಾಠವೊಂದನ್ನು ಕಲಿತಿತ್ತು. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದಿದ್ದನು. ಮೇವಿಲ್ಲದೆ ಎತ್ತುಗಳು ರಾಶಿರಾಶಿಯಾಗಿ ಸತ್ತುದರಿಂದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಶತ್ರುವಿನ ಕತ್ತಿಗಿಂತ ಎತ್ತಿನ ಹೊಟ್ಟೆಯೇ ಅವನನ್ನು ಸೋಲಿಸಿತೆನ್ನಬಹುದು. ಅತ್ತ ಹೈದರಾಲಿಯೂ ಟಿಪ್ಪುವೂ ಅದೇ ನೆಲದಲ್ಲಿ ಗಾಳಿಯಂತೆ ಸಂಚರಿಸುತ್ತಿದ್ದರು. ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರವನ್ನು ತಲುಪಿದನೆಂದು ಇತಿಹಾಸಕಾರರು ಬರೆದಿದ್ದಾರೆ.

ಇದರ ಗುಟ್ಟು ನಮ್ಮ ಕಾವಲುಗಳಲ್ಲಿತ್ತು. ಚಿಕ್ಕದೇವರಾಜ ಒಡೆಯರು ಸ್ಥಾಪಿಸಿದ ಬೆಣ್ಣೆ ಚಾವಡಿಯ ಹಸುಗಳ ಸಂತತಿಯನ್ನು ಹೈದರನು ಫಿರಂಗಿ ಎಳೆಯಲು ಬಳಸಿದನು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಕಾವಲೆಂದು ಹುಲ್ಲುಗಾವಲುಗಳನ್ನು ವಿಂಗಡಿಸಲಾಗಿತ್ತು. ಬಯಲಿನಲ್ಲಿ ಅರೆಕಾಡುದನದಂತೆ ಬೆಳೆದ ಈ ಎತ್ತಿಗೆ ಹದಗೊಳಿಸುವವನು ಸಿಕ್ಕುವವರೆಗೆ ಮೊಂಡುತನ ಹೆಚ್ಚು. ನೊಗಕ್ಕೆ ಒಗ್ಗಿದ ಮೇಲೆ ಅದರ ಗಟ್ಟಿ ಗೊರಸು ಕಲ್ಲುನೆಲಕ್ಕೂ ಅಂಜದು. ನಡಿಗೆಯಂತೂ ಸಾಮಾನ್ಯ ಎತ್ತಿನ ನಡಿಗೆಯಲ್ಲ. ನಿಧಾನವಾಗಿ ಬಲಿಯುವ ತಳಿಯಾದುದರಿಂದ ಆತುರಗಾರನಿಗೆ ಇದು ಹೇಳಿಸಿದ್ದಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಅಧಿಕಾರಿಯಾದನು. ಮರುವರ್ಷವೇ ಅವನ ಜಾಣ್ಮೆಗೆ ಪರೀಕ್ಷೆ ಬಂದಿತು. ನಮ್ಮ ನೆರೆಯ ಚನ್ನಗಿರಿಯವನಾದ ಧೋಂಡಿಯಾ ವಾಘನು ಸೆರೆಯಿಂದ ಬಿಡಿಸಿಕೊಂಡು ಸಾವಿರಾರು ಸವಾರರನ್ನು ಕೂಡಿಸಿ, ತಾನು ಎರಡು ಲೋಕಗಳಿಗೂ ಒಡೆಯನೆಂದು ಸಾರಿಕೊಂಡಿದ್ದನು. ಇವನನ್ನು ಹಿಡಿಯಬೇಕಾದರೆ ಇವನಷ್ಟೇ ವೇಗವಾಗಿ ಓಡಬೇಕು. ವೆಲ್ಲೆಸ್ಲಿ ಚಿತ್ರದುರ್ಗದ ಬಳಿ ದಂಡನ್ನು ಕೂಡಿಸಿ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದನು. ಫಿರಂಗಿಗೆ ಬಾಡಿಗೆ ಎತ್ತು ಕೂಡದೆಂಬುದು ಅವನ ಖಚಿತ ಅಭಿಪ್ರಾಯ. ಬಾಡಿಗೆಯವನಿಗೆ ಎತ್ತು ಉಳಿದರೆ ಸಾಕು, ದಂಡು ಮುಟ್ಟಿದರೇನು ಬಿಟ್ಟರೇನು! ಧಾನ್ಯ ಹೊರಲು ಲಂಬಾಣಿಗರ ಹೇರೆತ್ತುಗಳು ಬಂದವು. ಅಕ್ಕಿಯ ಚೀಲ, ಸಾರಾಯಿಯ ಪೀಪಾಯಿ, ಡೇರೆ, ಎತ್ತಿನ ಮೇವು ಇವೆಲ್ಲವನ್ನೂ ದಂಡನಾಯಕನೇ ಲೆಕ್ಕವಿಡುತ್ತಿದ್ದನು. ನಮ್ಮಲ್ಲಿ ಕೆಲವರು ಇದನ್ನು ಗುಮಾಸ್ತನ ಕೆಲಸವೆಂದಾರು. ಅವನು ಹಾಗೆ ಎಣಿಸಲಿಲ್ಲ. 1800ರ ಸೆಪ್ಟೆಂಬರ್ 10ರಂದು ಕೃಷ್ಣಾ ತುಂಗಭದ್ರೆಗಳ ನಡುವಣ ಕೋಣಗಲ್ಲಿನಲ್ಲಿ ಧೋಂಡಿಯಾ ಸಿಕ್ಕಿ ಮಡಿದನು. ಅವನ ಸಾಮಾನುಗಳ ನಡುವೆ ಸಿಕ್ಕಿದ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಸಾಕಿಸಿ, ದೇಶ ಬಿಡುವಾಗ ಅವನಿಗಾಗಿ ಹಣವಿಟ್ಟುಹೋದನು.

1803ರಲ್ಲಿ ಮರಾಠರ ಮೇಲೆ ಯುದ್ಧ ಬಂದಿತು. ಮಾರ್ಚಿಯಲ್ಲಿ ಹರಿಹರ ಬಿಟ್ಟವನು ಏಪ್ರಿಲ್ 20ಕ್ಕೆ ಪುಣೆಯಲ್ಲಿದ್ದನು. ಕೊನೆಯ ಅರವತ್ತು ಮೈಲಿಗಳನ್ನು ಕುದುರೆ ದಳದೊಡನೆ ಮೂವತ್ತೆರಡು ಗಂಟೆಗಳಲ್ಲಿ ಕ್ರಮಿಸಿದನಂತೆ. ಮಳೆಗಾಲದಲ್ಲಿ ಹೊಳೆಗಳು ತುಂಬುವುವೆಂದು ಮೊದಲೇ ಎಣಿಸಿ, ಚರ್ಮ ಹೊದಿಸಿದ ಹರಿಗೋಲುಗಳನ್ನು ಸಿದ್ಧಪಡಿಸಲು ಆಜ್ಞೆ ಮಾಡಿದ್ದನು. ಶತ್ರುಗಳಿಗೆ ಹೊಳೆ ತಡೆ, ಇವನಿಗೆ ಬೇಲಿ! ಆದರೂ ಸೆಪ್ಟೆಂಬರ್ 23ರ ಅಸ್ಸಾಯೆ ಕದನದಲ್ಲಿ ಸಿಂಧ್ಯನ ಫಿರಂಗಿಗಳ ಗುಂಡಿಗೆ ಇವನ ಎತ್ತುಗಳು ನೊಗದಲ್ಲಿಯೇ ಉರುಳಿದವು. ತೋಪುಗಳು ಹಿಂದೆ ನಿಂತುವು. ಸಿಪಾಯಿಗಳು ಬರಿಯ ಬಂದೂಕು ಹಿಡಿದು ಮುನ್ನುಗ್ಗಬೇಕಾಯಿತು. ಗೆದ್ದರೂ ಬಹುಮಂದಿ ಸತ್ತರು. ಸತ್ತ ಎತ್ತುಗಳನ್ನು ಎಣಿಸಿದವರಾರು?

1805ರಲ್ಲಿ ಅವನು ಭಾರತವನ್ನು ಬಿಟ್ಟನು. ಮುಂದೆ ಪೋರ್ಚುಗಲ್, ಸ್ಪೇನ್‌ಗಳಲ್ಲಿ ಆರು ವರ್ಷ ಕಾದಾಡಿದಾಗ ಮರದಚ್ಚಿನ ಕಿರುಗುಟ್ಟುವ ಬಂಡಿಗಳನ್ನು ಕಂಡು ಬೇಸತ್ತು, ಸಾವಿರಾರು ಹೇಸರಗತ್ತೆಗಳನ್ನು ನೆಚ್ಚಿದನು. ಮೈಸೂರಿನ ಎತ್ತುಗಳು ಇಲ್ಲಿಲ್ಲವಲ್ಲ ಎಂದು ಅಲ್ಲಿ ಹಲವು ಬಾರಿ ಹಳಹಳಿಸಿದನೆಂದು ನಮ್ಮ ಕಡೆಯ ದಾಖಲೆಗಳು ಹೇಳುತ್ತವೆ. 1814ರಲ್ಲಿ ಡ್ಯೂಕನಾದನು, 1815ರಲ್ಲಿ ವಾಟರ್ಲೂ, 1828ರಲ್ಲಿ ಪ್ರಧಾನಮಂತ್ರಿಯಾದನು.

ಅವನು ಬಿಟ್ಟುಹೋದ ದನಗಳ ಗತಿ ಬೇರೆ. ಆರೈಕೆಯಿಲ್ಲದೆ ತಳಿ ಕೆಟ್ಟು, 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬವನು ಅದನ್ನು ಮತ್ತೆ ಎತ್ತಿಹಿಡಿಯಬೇಕಾಯಿತು. 1860ರಲ್ಲಿ ಖರ್ಚುಳಿಸಲೆಂದು ಹಿಂಡುಗಳನ್ನೇ ಮಾರಿಬಿಟ್ಟರು. ಆರು ವರ್ಷಗಳಲ್ಲಿ ತಪ್ಪು ತಿಳಿದು ಮತ್ತೆ ಕೂಡಿಸತೊಡಗಿದರು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರವು 1929ರಲ್ಲಿ ಆರಂಭವಾಯಿತು.

ವೆಲ್ಲಿಂಗ್ಟನ್ 1852ರ ಸೆಪ್ಟೆಂಬರ್ 14ರಂದು ತೀರಿಕೊಂಡನು. ನವೆಂಬರಿನಲ್ಲಿ ಲಂಡನ್ನಿನಲ್ಲಿ ಅವನ ಶವವನ್ನು ಹೊರಲು ಕಂಚಿನ ಭಾರಿ ರಥವೊಂದನ್ನು ಮಾಡಿಸಿ ಹನ್ನೆರಡು ಕುದುರೆಗಳನ್ನು ಹೂಡಿದ್ದರು. ನೋಡಲು ಬಹು ವೈಭವ, ತೂಕ ಮಾತ್ರ ವಿಪರೀತ. ಅರಮನೆಯಿಂದ ದೂರವೇನೂ ಹೋಗಿರಲಿಲ್ಲ. ಗಾಲಿಗಳು ಬೀದಿಯ ಕೆಸರಿನಲ್ಲಿ ಹೂತುಕೊಂಡವು. ಹತ್ತಾರು ಪೊಲೀಸರು ಹಗ್ಗ ಹಿಡಿದೆಳೆದ ಮೇಲೆ ಮೆರವಣಿಗೆ ಮುಂದೆ ಸಾಗಿತು.