ನ್ಯಾಯಮೂರ್ತಿ ಬೆನಗಲ್ ನರಸಿಂಗ ರಾವ್

ಬ್ರಹ್ಮಾವರ ಕಡೆಯಿಂದ ಕಾಲೇಜಿಗೆ ಬಸ್ಸಿನಲ್ಲಿ ಬರುವ ನಮಗೆ ಬೆನಗಲ್ ಎಂಬ ಊರಿನ ಹೆಸರು ಹೊಸದಲ್ಲ. ಆ ಹೆಸರು ಹೊತ್ತವರೊಬ್ಬರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು ಎಂಬುದು ನಮ್ಮ ತರಗತಿಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅದಕ್ಕೇ ಈ ಬರಹ.

ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ತಂದೆ ವೈದ್ಯರು. ಕೆನರಾ ಹೈಸ್ಕೂಲು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿ ಐ.ಸಿ.ಎಸ್. ಪಾಸಾದರು. ನನಗೆ ಬಹಳ ಹಿಡಿಸಿದ್ದು ಆಮೇಲಿನ ಸಂಗತಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ತನಗೆ ನೆಂಟರಿಷ್ಟರು ತುಂಬ ಇದ್ದಾರೆ, ನ್ಯಾಯ ಹೇಳುವವನಿಗೆ ಅದು ತೊಡಕು ಎಂದು ಅವರು ಬೇರೆ ಪ್ರಾಂತ್ಯ ಕೇಳಿ, ಬಂಗಾಳಕ್ಕೆ ಹೋದರು. ಊರ ಹತ್ತಿರದ ಕೆಲಸಕ್ಕಾಗಿ ಶಿಫಾರಸು ಹುಡುಕುವ ಕಾಲದಲ್ಲಿ ಇದನ್ನು ಓದಿದರೆ ಯಾರಿಗಾದರೂ ಆಶ್ಚರ್ಯವಾದೀತು.

ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ, ಅಸ್ಸಾಂನಲ್ಲಿ ಕಾನೂನು ಅಧಿಕಾರಿಯಾಗಿ ದುಡಿದು, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿ ನೀರಿನ ಜಗಳದ ಆಯೋಗಕ್ಕೂ ಅವರೇ ಅಧ್ಯಕ್ಷರು. ನಿವೃತ್ತಿಯ ನಂತರ ಕೆಲಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಿ.

1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು, ಅದೂ ಸಂಬಳವಿಲ್ಲದೆ. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ 240 ವಿಧಿಗಳ ಮೊದಲ ಕರಡನ್ನೇ ಡಾ. ಅಂಬೇಡ್ಕರರ ಸಮಿತಿ ತಿದ್ದಿ ಬೆಳೆಸಿತು. ಅಂಬೇಡ್ಕರರು ತಮ್ಮ ಕೊನೆಯ ಭಾಷಣದಲ್ಲಿ ಈ ಶ್ರೇಯದ ಒಂದು ಪಾಲು ರಾಯರದೆಂದು ಹೇಳಲು ಮರೆಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ರಾಯರ ಮಾತು ಒಪ್ಪಿಗೆಯಿಲ್ಲ. ಅಮೆರಿಕಕ್ಕೆ ಹೋದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾಗಿದ್ದರು. ಜನ ಆರಿಸಿದ ಶಾಸನಸಭೆಯ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವಂತಾಗಬಾರದು ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಹಾಗಾಗಿ ನಮ್ಮ 21ನೇ ವಿಧಿಯಲ್ಲಿ, ಕಾನೂನು ಹೇಳಿದ ಕ್ರಮ ಪಾಲಿಸಿದರೆ ಒಬ್ಬನ ಸ್ವಾತಂತ್ರ್ಯ ಕಸಿಯಬಹುದು ಎಂದಾಯಿತು. ಆ ಕಾನೂನೇ ಅನ್ಯಾಯದ್ದಾದರೆ ಬಡವ ಎಲ್ಲಿಗೆ ಹೋಗಬೇಕು? ಸ್ವತಃ ನ್ಯಾಯಾಧೀಶರಾಗಿದ್ದವರೇ ನ್ಯಾಯಾಧೀಶರ ಕೈ ಕಟ್ಟಲು ಹೊರಟದ್ದು ವಿಚಿತ್ರ. ಅಧಿಕಾರ ತನ್ನವರಿಗೇ ಇರಲಿ ಎನ್ನದ ಆ ಗುಣಕ್ಕೆ ಗೌರವವೂ ಮೂಡುತ್ತದೆ.

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಅವರಿದ್ದರು. 1952ರಲ್ಲಿ ಹೇಗ್‌ಗೆ ಹೋದರು. ಮರುವರ್ಷ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು. ಅದಾಗಿ 25 ವರ್ಷಕ್ಕೆ, 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕ್ರಮವೂ ನ್ಯಾಯವಾಗಿರಬೇಕೆಂದು ತೀರ್ಪು ಕೊಟ್ಟಿತು.