ಪರನಾರೀ ಸಹೋದರ

ಕಂಪ್ಲಿಯಿಂದ ಸಂಡೂರಿನ ಮಲೆಗಳವರೆಗೆ ಗಂಡುಗಲಿ ಎಂದೊಡನೆ ಜನರಿಗೆ ನೆನಪಾಗುವವನು ಕುಮಾರರಾಮ. ಮುಮ್ಮಡಿ ಸಿಂಗೆಯ ನಾಯಕನ ಮೊಮ್ಮಗ, ಕಂಪಿಲರಾಯನ ಮಗ. ಕಂಪ್ಲಿ, ಕುಮ್ಮಟ, ಹೊಸಮಲೆದುರ್ಗಗಳು ಈ ಮನೆತನದ ನೆಲೆಗಳು. ಆತನಿಗೆ ಪರನಾರೀ ಸಹೋದರನೆಂಬ ಇನ್ನೊಂದು ಬಿರುದೂ ಉಂಟು. ಆತನ ದುರಂತದ ಬೇರು ಈ ಬಿರುದಿನಲ್ಲಿಯೇ ಇದೆಯೆಂದು ನಾನು ಭಾವಿಸುತ್ತೇನೆ.

೧೬ನೆಯ ಶತಮಾನದ ನಂಜುಂಡಕವಿ ಈ ಚರಿತೆಯನ್ನು ಸಾಂಗತ್ಯದಲ್ಲಿ ಹಾಡಿದನು. ಚೆಂಡಾಟದ ಚೆಂಡು ಕಿರಿಯ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಆಕೆ ಬಯಸುತ್ತಾಳೆ. ಆತನು ತಾಯಿಯೆಂದು ಕೈಮುಗಿದು ಹಿಂದೆಗೆಯುತ್ತಾನೆ. ಮುನಿದ ರಾಣಿ ಸುಳ್ಳು ದೂರು ಹೇಳುತ್ತಾಳೆ. ಅರಸನು ಮಗನ ತಲೆಯನ್ನು ಕೇಳುತ್ತಾನೆ. ಮಂತ್ರಿ ಬೈಚಪ್ಪನು ಬೇರೊಂದು ತಲೆಯನ್ನು ತೋರಿಸಿ, ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ.

ಈ ನೆಲಮಾಳಿಗೆಯೇ ನನಗೆ ಕಥೆಯ ಮರ್ಮಸ್ಥಾನವಾಗಿ ತೋರುತ್ತದೆ. ರತ್ನಾಜಿಯ ಬಯಕೆ ಬಯಲಾಗಿ ದಂಡನೆಗೆ ಗುರಿಯಾಯಿತು. ರಾಮನ ಯೌವನಕ್ಕೆ ಮಾತೇ ಇಲ್ಲ. ಆತನು ಆಸೆಯನ್ನು ಗೆದ್ದನೋ, ನೆಲದಡಿ ಹೂತನೋ? ಗ್ರೀಸಿನ ಯೂರಿಪಿಡೀಸನು ಕ್ರಿ. ಪೂ. ೪೨೮ರಲ್ಲಿ ಇಂಥದೇ ಕಥೆಯನ್ನು ನಾಟಕವಾಗಿಸಿದಾಗ ಮಲತಾಯಿ ಫೀಡ್ರಳ ಸಂಕಟಕ್ಕೆ ಕಿವಿಗೊಟ್ಟನು; ಹಿಪ್ಪೊಲಿಟಸನ ಶೀಲದೊಳಗಿನ ಗರ್ವವನ್ನೂ ಕಂಡನು. ನಮ್ಮ ಪರಂಪರೆಯಾದರೋ ಗಂಡಸುತನವನ್ನು ನಿರಾಕರಣೆಯಿಂದಲೇ ಅಳೆಯಿತು.

ಚರಿತ್ರೆ ಬೇರೊಂದು ಕಾರಣವನ್ನು ಹೇಳುತ್ತದೆ. ದೆಹಲಿಯ ಮುಹಮ್ಮದ್ ತುಘಲಕನ ವಿರುದ್ಧ ದಂಗೆಯೆದ್ದ ಬಂಧು ಬಹಾಉದ್ದೀನ್ ಗರ್ಷಾಸ್ಪನಿಗೆ ಕಂಪಿಲರಾಯನು ಆಶ್ರಯವಿತ್ತನು. ಸುಮಾರು ೧೩೨೭ರಲ್ಲಿ ರಾಜ್ಯವು ನಾಶವಾಯಿತು. ರಾಜಪರಿವಾರದ ಹೆಂಗಸರು ಬೆಂಕಿಗೆ ಬಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. ಆದರೆ ಜನಮನಕ್ಕೆ ರಾಜಕಾರಣ ಸಾಲಲಿಲ್ಲ. ಸುಲ್ತಾನನು ಮಾತಂಗಿಯೆಂಬ ವೀರಸ್ತ್ರೀಯನ್ನು ಕಳುಹಿದನೆಂದೂ, ನೆಲಮಾಳಿಗೆಯಿಂದ ಹೊರಬಂದು ಕಾದಿದ ರಾಮನು ಆ ಯುದ್ಧದಲ್ಲಿಯೇ ಮಡಿದನೆಂದೂ ಕಥೆ ಹೇಳುತ್ತದೆ. ಹೆಣ್ಣೆಲ್ಲರನ್ನೂ ತಾಯಿ, ತಂಗಿಯೆಂದಷ್ಟೇ ಕಾಣಬಲ್ಲವನ ಮುಂದೆ ಕಡೆಗೆ ಹೆಣ್ಣು ಕತ್ತಿ ಹಿಡಿದು ನಿಂತಳು.

ಕೆಲವೇ ವರ್ಷಗಳಲ್ಲಿ, ೧೩೩೬ರಲ್ಲಿ, ಹಂಪೆಯಲ್ಲಿ ವಿಜಯನಗರವು ಮೊಳೆಯಿತು. ರಾಮನು ಹಾಡುಗಳಲ್ಲಿ ದೇವರಾದನು. ನೇಣಿಗೆ ಕೊರಳೊಡ್ಡಿದ ರತ್ನಾಜಿಗೆ ದೊರೆತುದು ಶಾಪವೊಂದೇ. ಮುದಿ ಅರಸನ ಕೈಹಿಡಿದ ಆ ತರುಣಿಯ ಪರವಾಗಿಯೂ ಒಂದು ಮಾತು ಹುಟ್ಟಿದ್ದರೆ, ರಾಮನ ಮೌನವೂ ನಮಗೆ ಅರ್ಥವಾಗುತ್ತಿತ್ತು.