ಆನೆಕಾಲು ಮಾತ್ರೆಯ ಹಿಂದಿದ್ದ ಡಾ. ಎಲ್ಲಾಪ್ರಗಡ ಸುಬ್ಬರಾವ್

ಆನೆಕಾಲು ರೋಗವೆಂದರೆ ಏನೆಂದು ನಮ್ಮ ಕರಾವಳಿಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. 2004ರ ನಂತರ ಆರೋಗ್ಯ ಕಾರ್ಯಕರ್ತೆಯರು ವರ್ಷಕ್ಕೊಮ್ಮೆ ಮನೆಮನೆಗೆ ಬಂದು ಡಿ.ಇ.ಸಿ. ಮಾತ್ರೆ ನುಂಗಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ತಪ್ಪದೆ ಮಾತ್ರೆ ತೆಗೆದುಕೊಳ್ಳಿ ಎಂದು ಭಾನುವಾರದ ಪೂಜೆಯ ಕೊನೆಯಲ್ಲಿ ನಾವೂ ಪ್ರಕಟಣೆ ಓದಿದ್ದುಂಟು. ಆ ಔಷಧವನ್ನು ಬೆಳಕಿಗೆ ತಂದ ಸಂಶೋಧನಾ ತಂಡದ ಮುಖ್ಯಸ್ಥರು ತೆಲುಗು ನಾಡಿನವರು ಎಂಬುದು ಆಗ ನಮಗೂ ತಿಳಿದಿರಲಿಲ್ಲ.

ಎಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಭೀಮಾವರಂನಲ್ಲಿ. ಬಡತನದ ಮನೆ. ಯೌವನದಲ್ಲಿ ರಾಮಕೃಷ್ಣ ಮಠ ಸೇರಿ ಸಂನ್ಯಾಸಿಯಾಗುವ ಹಂಬಲವಿತ್ತು, ಆದರೆ ತಾಯಿ ಒಪ್ಪಲಿಲ್ಲ. ಸೆಮಿನರಿಯ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ತಾಯಿಯ ಒಪ್ಪಿಗೆಯ ಬೆಲೆ ಗೊತ್ತು. ಅವರು ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಸ್ತ್ರಚಿಕಿತ್ಸೆಯ ಕೋಣೆಯಲ್ಲೂ ಖಾದಿ ತೊಟ್ಟಿದ್ದಕ್ಕೆ ಪ್ರಾಧ್ಯಾಪಕರು ಮುನಿದರು. ಪೂರ್ಣ ಎಂ.ಬಿ.ಬಿ.ಎಸ್. ಪದವಿ ಕೈತಪ್ಪಿ, ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ಸಿಕ್ಕಿತು. ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಸ್ವಲ್ಪ ಸಮಯದ ಅಂತರದಲ್ಲೇ ತೀರಿಹೋದರು.

1920ರ ದಶಕದ ಆರಂಭದಲ್ಲಿ ಮಾವನ ಹಾಗೂ ದತ್ತಿ ಸಂಸ್ಥೆಯೊಂದರ ನೆರವಿನಿಂದ ಅವರು ಅಮೆರಿಕಕ್ಕೆ ಹೊರಟಾಗ ಪತ್ನಿ ಶೇಷಗಿರಿ ಗರ್ಭಿಣಿ. ಬೇಗ ಹಿಂತಿರುಗುವ ಮಾತು ಕೊಟ್ಟಿದ್ದರು. ಹುಟ್ಟಿದ ಮಗ ಶೈಶವದಲ್ಲೇ ತೀರಿಕೊಂಡ, ತಂದೆ ಅವನ ಮುಖ ನೋಡಲಿಲ್ಲ. ಸುಬ್ಬರಾವ್ ಮತ್ತೆಂದೂ ಊರಿಗೆ ಬರಲಿಲ್ಲ. ಅವರ ಸಾಧನೆಯನ್ನು ಎಷ್ಟು ಹೊಗಳಿದರೂ ಈ ಒಂದು ವಿಷಯದಲ್ಲಿ ನಾವು ಪತ್ನಿಯ ಪಕ್ಷವನ್ನೇ ವಹಿಸುತ್ತೇವೆ.

ಬೋಸ್ಟನ್ನಿನಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತ, ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಹಗಲು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಯನ. ಅಲ್ಲಿ ಪ್ರಾಧ್ಯಾಪಕ ಸೈರಸ್ ಫಿಸ್ಕೆಯವರ ಪ್ರಯೋಗಾಲಯದಲ್ಲಿ, 1925ರಲ್ಲಿ, ರಕ್ತ ಮತ್ತು ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನವನ್ನು ಇಬ್ಬರೂ ಸೇರಿ ರೂಪಿಸಿದರು. 1929ರಲ್ಲಿ ಜೀವಕೋಶಕ್ಕೆ ಶಕ್ತಿ ಒದಗಿಸುವ ಎ.ಟಿ.ಪಿ.ಯನ್ನು ಸ್ನಾಯುವಿನಿಂದ ಬೇರ್ಪಡಿಸಿ ವರದಿ ಮಾಡಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್ಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. 1930ರಲ್ಲಿ ಸುಬ್ಬರಾವ್ ಅವರಿಗೆ ಪಿಎಚ್.ಡಿ. ಬಂತು, ಆದರೆ ಕಾಯಂ ಹುದ್ದೆ ಬರಲೇ ಇಲ್ಲ.

ಅದೇ ಪ್ರಯೋಗಾಲಯದಲ್ಲಿ ಡಾಕ್ಟರೇಟ್ ಮಾಡಿ, 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್, ಫಿಸ್ಕೆಯವರ ಅಸೂಯೆಯಿಂದಾಗಿ ಸುಬ್ಬರಾವ್ ಅವರ ಕೆಲವು ಫಲಿತಾಂಶಗಳು ಬೆಳಕು ಕಾಣದೆ ಉಳಿದವೆಂದು ಮುಂದೆ ಹೇಳಿದ್ದಾರೆ. ವಿದ್ಯಾರ್ಥಿಯ ದುಡಿಮೆಗೆ ಗುರುವೇ ಅಡ್ಡ ನಿಂತರೆ ಆತ ಯಾರಲ್ಲಿ ದೂರು ಹೇಳಬೇಕು? ಸುಬ್ಬರಾವ್ ಜಗಳ ಮಾಡಲಿಲ್ಲ. 1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯ ಸೇರಿದರು.

ಅಲ್ಲಿ ಅವರೇ ತಂಡಗಳನ್ನು ಕಟ್ಟಿದರು. 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಲಾಯಿತು. ಇಂದು ಗರ್ಭಿಣಿಯರಿಗೆ ಕಬ್ಬಿಣಾಂಶದೊಂದಿಗೆ ಕೊಡುವ ಮಾತ್ರೆಯಲ್ಲಿರುವುದು ಅದೇ. ಸಹೋದರರನ್ನು ಬಲಿತೆಗೆದುಕೊಂಡ ಸ್ಪ್ರೂ ಕಾಯಿಲೆಗೂ ಅದು ಔಷಧವಾಯಿತು. ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧವನ್ನೂ ಅವರ ತಂಡ ತಯಾರಿಸಿತು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟಾಗ ಕೆಲವರಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತು. ಅದುವರೆಗೆ ಆ ಮಕ್ಕಳ ತಂದೆತಾಯಿಯರಿಗೆ ವೈದ್ಯರು ಹೇಳಲು ಏನೂ ಇರಲಿಲ್ಲ. ಅದೇ ಗುಂಪಿನ ಮೆಥೊಟ್ರೆಕ್ಸೇಟ್ ಇಂದಿಗೂ ಕ್ಯಾನ್ಸರ್ ಹಾಗೂ ಸಂಧಿವಾತಕ್ಕೆ ಬಳಕೆಯಲ್ಲಿದೆ. ನಮ್ಮ ಡಿ.ಇ.ಸಿ. ಮಾತ್ರೆ ಬಂದದ್ದು 1947ರಲ್ಲಿ.

1948ರಲ್ಲಿ ಫಾರ್ಬರ್ ಅವರ ವರದಿ ಪ್ರಕಟವಾಯಿತು. ಸುಬ್ಬರಾವ್ ಅವರ ಮೇಲ್ವಿಚಾರಣೆಯಲ್ಲಿ ಬೆಂಜಮಿನ್ ಡಗ್ಗರ್ ಕಂಡುಹಿಡಿದ ಆರಿಯೋಮೈಸಿನ್ ಎಂಬ ಪ್ರತಿಜೀವಕವೂ ಅದೇ ವರ್ಷ ಬೆಳಕಿಗೆ ಬಂತು. ಆ ಆಗಸ್ಟ್‌ನಲ್ಲಿ, ಸ್ವತಂತ್ರ ಭಾರತಕ್ಕೆ ಒಂದು ವರ್ಷ ತುಂಬುವ ಕೆಲವೇ ದಿನಗಳ ಮುಂಚೆ, 53 ವರ್ಷದ ಸುಬ್ಬರಾವ್ ರಾತ್ರಿ ಮಲಗಿದವರು ಏಳಲಿಲ್ಲ. ಅವರ ಜನ್ಮ ಶತಮಾನೋತ್ಸವದ ಅಂಚೆಚೀಟಿಯನ್ನು ಭಾರತ ಸರಕಾರ 1995ರಲ್ಲಿ ಹೊರತಂದಿತು.